ಚೌಡಿಯ ಕೂಸಿನ ತೂಕ

ಬ್ಯಾಕೋಡು
26 ನವೆಂಬರ್ 2025, ಬುಧವಾರ

ಪ್ರೀತಿಯ ಬಿಂದು,

ಕಾಲಿನ ಬಾವು ಇಳಿಯಿತೇ? ನಿಶಾಂತ್ ನಿನ್ನನ್ನು ಮೆಟ್ಟಿಲು ಹತ್ತಲೂ ಬಿಡುತ್ತಿಲ್ಲ ಎಂದು ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಎರಡೆರಡು ಸಲ ಕೇಳಿ ನಕ್ಕೆ. ಉತ್ತರ ಮಾತ್ರ ಕೊಡಲಿಲ್ಲ. ನೀನು ಮತ್ತೆ ಮತ್ತೆ ಫೋನ್ ಮಾಡಿದಾಗಲೂ ಎತ್ತಲಿಲ್ಲ. ಸಿಟ್ಟಾಗಬೇಡ. ಹೋದ ವಾರ ಜ್ವರವೆಂದು ಶಾಲೆಗೂ ರಜೆ ಹಾಕಿ ಮಲಗಿದ್ದೆ. ಈಗ ಎದ್ದು ಓಡಾಡುತ್ತಿದ್ದೇನೆ.

ಫೋನಿನಲ್ಲಿ ಹೇಳುವುದನ್ನು ಬಿಟ್ಟು ಇವಳು ಕಾಗದ ಹಿಡಿದು ಕೂತಳಲ್ಲ ಎನ್ನಬೇಡ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಏನೋ ಆಗಿದೆ ಎಂದು ನಿನಗೆ ಗೊತ್ತಾಗಿಬಿಡುತ್ತದೆ. ವಾಟ್ಸಾಪಿನ ಮಾತು ಒಮ್ಮೆ ಹೋದರೆ ಹೋಯಿತು. ಕಾಗದವಾದರೆ ಪೋಸ್ಟ್ ಡಬ್ಬಿಗೆ ಹಾಕುವ ತನಕ ನನ್ನ ಕೈಯಲ್ಲೇ ಇರುತ್ತದೆ. ಹಾಕುತ್ತೇನೋ, ಹರಿದು ಒಲೆಗೆ ಒಟ್ಟುತ್ತೇನೋ ಇನ್ನೂ ತಿಳಿಯದು. ಆದರೆ ಬರೆಯದೆ ಇರಲು ಆಗುತ್ತಿಲ್ಲ. ನನಗೆ ಭಯವಾಗಿದೆ ಬಿಂದು.

ನಿನ್ನ ಬಯಕೆ ಶಾಸ್ತ್ರದ ದಿನದಿಂದಲೇ ಶುರುಮಾಡಬೇಕು. ಅಮ್ಮ ಇಲ್ಲ ಎಂಬ ಕೊರತೆ ನಿನಗೆ ಕಾಣಬಾರದೆಂದು ಜಲಜಮ್ಮ ಚಿಕ್ಕಮ್ಮ ಹಿಂದಿನ ದಿನವೇ ಸಾಗರದಿಂದ ಬಂದು ಇಡೀ ಅಡುಗೆಮನೆಯನ್ನು ವಶಪಡಿಸಿಕೊಂಡಿದ್ದರಲ್ಲ. ನಿನ್ನ ಮಡಿಲಿಗೆ ಅಕ್ಕಿ, ಕಾಯಿ, ವೀಳ್ಯದೆಲೆ, ಬಳೆ ಎಲ್ಲ ತುಂಬಿದ ಮೇಲೆ ಕೊನೆಯಲ್ಲಿ ಒಂದು ಕಪ್ಪು ಗುಂಡನ್ನು ಇಟ್ಟೆವು, ನೀನು "ಅಯ್ಯೋ, ಇದೆಂತ ಇಷ್ಟು ಭಾರ" ಎಂದು ಎರಡೂ ಕೈಯಲ್ಲಿ ಅವುಚಿಕೊಂಡೆ. ಅದು ಚೌಡಿಯ ಕೂಸು. ಅವತ್ತಿನ ಗಡಿಬಿಡಿಯಲ್ಲಿ ಅದರ ಕಥೆ ನಿನಗೆ ಹೇಳಿರಲಿಲ್ಲ.

ನಿನ್ನ ಭಾವ ದಿನೇಶರ ದೊಡ್ಡಪ್ಪ ಭೂತಪ್ಪ ನಿನಗೆ ಗೊತ್ತು, ಹಿನ್ನೀರಿನ ದಂಡೆಯ ಚೌಡಿಗೆ ಪೂಜೆ ಮಾಡುವವರು. ಕೆಲವು ವರ್ಷದ ಹಿಂದೆ ಬೇಸಿಗೆಯಲ್ಲಿ ನೀರು ಇಳಿದಾಗ ಅದು ಅವರಿಗೆ ಕೆಸರಿನಲ್ಲಿ ಸಿಕ್ಕಿತಂತೆ. ಮೂಸಂಬಿಗಿಂತ ದಪ್ಪವಿಲ್ಲ. ಮೊದಲು ಮೀನಿನ ಬಲೆಗೆ ತೂಕವಾಗಿ ಕಟ್ಟಿದರು, ಬಲೆಯೇ ಹರಿಯಿತು. ಮನೆಯ ಜಗಲಿಯಲ್ಲಿ ಇಟ್ಟಿದ್ದನ್ನು ಅವರ ಸೊಸೆ ಒಂದು ದಿನ ಎತ್ತಿ, ಇದು ಸರಿಯಾಗಿ ಹುಟ್ಟಿದ ಮಗುವಿನ ತೂಕ ಇದೆ ಎಂದಳು. ಅವಳಿಗೆ ಆಗ ದಿನ ತುಂಬಿತ್ತು. ಸುಲಭದಲ್ಲಿ ಹೆರಿಗೆಯಾಯಿತು. ಅಷ್ಟು ಸಾಕಾಯಿತು ನೋಡು. ಗುಂಡು ಚೌಡಿಯ ಪಕ್ಕಕ್ಕೆ ಹೋಯಿತು, ಕುಂಕುಮ ಹತ್ತಿತು, ತುಮರಿಯಿಂದಲೂ ಸಿಗಂದೂರಿನ ಕಡೆಯಿಂದಲೂ ಬಸುರಿ ಹೆಂಗಸರು ಬಂದು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಹೋಗುವುದು ಶುರುವಾಯಿತು.

ನಾನು ಇದನ್ನೆಲ್ಲ ನಂಬುವವಳಲ್ಲ ಎಂದು ನಿನಗೆ ಗೊತ್ತು. ಆದರೆ ಅವತ್ತು ಗುಡಿಯಿಂದ ಮನೆಯ ತನಕ ಕಾರಿನಲ್ಲಿ ಅದನ್ನು ನನ್ನ ಮಡಿಲಲ್ಲೇ ಇಟ್ಟುಕೊಂಡು ತಂದೆ. ನಿನ್ನ ಮಡಿಲಿಗೆ ಇಟ್ಟವಳೂ ನಾನೇ. ಇನ್ನೂ ಸ್ವಲ್ಪ ಹೊತ್ತು ಇರಲಿ, ಫೋಟೋ ಚೆನ್ನಾಗಿ ಬರುತ್ತದೆ ಎಂದವಳೂ ನಾನೇ.

ಮೊನ್ನೆ ಸೋಮವಾರ ರಜೆ ಮುಗಿಸಿ ಶಾಲೆಗೆ ಹೋದೆ. ಒಂಬತ್ತನೇ ತರಗತಿಗೆ ಸಾಂದ್ರತೆಯ ಪಾಠ. ಕಟ್ಟಿಗೆ, ನೀರು, ಕಲ್ಲು, ಕಬ್ಬಿಣ, ಸೀಸ ಎಂದು ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ಮಕ್ಕಳು ಆಕಳಿಸುತ್ತಿದ್ದರು. ಹಾಗಾಗಿ ಆಕಾಶಕ್ಕೆ ಹಾರಿದೆ. ನಮ್ಮ ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಭೂಮಿಯಷ್ಟಕ್ಕೆ ಕುಗ್ಗುತ್ತದೆ, ಆಗ ಅದರ ಒಂದು ಚಮಚ ಒಂದು ಲಾರಿಯಷ್ಟು ತೂಗುತ್ತದೆ ಎಂದೆ. ಇನ್ನೂ ದೊಡ್ಡ ನಕ್ಷತ್ರ ಕುಸಿದರೆ ಸಾಗರ ಮತ್ತು ಹೊಸನಗರದ ನಡುವೆ ಇಟ್ಟುಬಿಡಬಹುದಾದಷ್ಟು ಚಿಕ್ಕ ಉಂಡೆಯಾಗುತ್ತದೆ, ಅದರ ಒಂದು ಚಮಚ ಎಂದರೆ ಕೊಡಚಾದ್ರಿಯಂಥ ಒಂದು ಇಡೀ ಬೆಟ್ಟ ಎಂದೆ. "ಚಮಚ ಮುರಿಯಲ್ವಾ ಟೀಚರ್?" ಎಂದ ಒಬ್ಬ. ಅದಕ್ಕೂ ಆಚೆ ಕುಸಿದರೆ ಎಂದು ಇನ್ನೊಬ್ಬಳು ಕೇಳಿದಳು. ಅಲ್ಲಿಂದ ಬೆಳಕೂ ಹೊರಗೆ ಬರುವುದಿಲ್ಲ, ಅದರ ನಡುವಿನಲ್ಲಿ ಏನಿದೆ ಎಂದು ಕೇಳಿದರೆ ನಮ್ಮ ಲೆಕ್ಕವೇ ನಿಂತುಹೋಗುತ್ತದೆ ಎಂದೆ. ಯಾಕೋ ಬೋರ್ಡು ಒರೆಸತೊಡಗಿದೆ.

ಆಗ ಸ್ಪಂದನಾ ಎಂಬ ಹುಡುಗಿ ಎದ್ದು, ಟೀಚರ್, ನಮ್ಮ ಚೌಡಿ ಕೂಸಿನ ಸಾಂದ್ರತೆ ಎಷ್ಟು ಎಂದಳು. ನಕ್ಕು ಮುಂದೆ ಹೋಗಬಹುದಿತ್ತು. ನನಗೆ ಖುಷಿಯಾಯಿತು. ನಿನ್ನೆ ಬೆಳಿಗ್ಗೆ ಭೂತಪ್ಪ ದೊಡ್ಡಪ್ಪನನ್ನು ಕೇಳಿದೆ. ಕೊಡಲಾರರು ಎಂದುಕೊಂಡಿದ್ದೆ. ಅವರು ಕುಂಕುಮ ಒರೆಸಿ ಕೈಗೆ ಕೊಟ್ಟು, "ತಗಂಡ್ ಹೋಗು ಮಾರಾಯ್ತಿ. ಕೂಸು ಅಂದ್ಮೇಲೆ ಒಂದಿನ ಆದ್ರೂ ಶಾಲೆಗೆ ಹೋಗ್ಬೇಕಲ್ಲ" ಎಂದರು.

ಮಕ್ಕಳೆಲ್ಲ ಅದನ್ನು ಎತ್ತಿದರು. ಹುಡುಗರು ತೋಳಿನಲ್ಲಿ ಮಲಗಿಸಿ ಜೋಜೋ ಹಾಡಿದರು. ನಾನು ಬೈಯಲಿಲ್ಲ. ಬಿಸಿಯೂಟದ ತಕ್ಕಡಿಯಲ್ಲಿ ತೂಗಿದೆವು, ಮೂರು ಕೆಜಿಯ ಮೇಲೆ ಬಂತು. ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಹೊರಗೆ ಚೆಲ್ಲಿದ ನೀರನ್ನು ಅಳೆದೆವು. ಒಂದು ಲೋಟವೂ ತುಂಬಲಿಲ್ಲ. ಸ್ಪಂದನಾ ಬೋರ್ಡಿನ ಮೇಲೆ ಭಾಗಿಸಿದಳು. ನೀರಿನ ಹದಿನೆಂಟು ಪಟ್ಟು. ತಪ್ಪು, ಮತ್ತೆ ಮಾಡು ಎಂದೆ. ಮತ್ತೆ ಮಾಡಿದಾಗಲೂ ಹದಿನೆಂಟು. ಸೀಸವೇ ಹನ್ನೊಂದು ಚಿಲ್ಲರೆ ತಾನೇ. ಹಿಂದಿನ ಬೆಂಚಿನಿಂದ ಯಾರೋ ಬಂಗಾರ ಎಂದು ಕೂಗಿದರು, ಇಡೀ ತರಗತಿ ಎದ್ದು ನಿಂತಿತು. ಅರ ತಂದು ಒಂದು ಕಡೆ ಉಜ್ಜಿದೆ. ಒಳಗೂ ಬೂದು ಬಣ್ಣ.

ಬಂಗಾರ ಅಲ್ಲ. ಹಾಗಾದರೆ ಅಷ್ಟು ಭಾರದ್ದು ಇನ್ನು ಯಾವುದು? ಆಗ ಒಂದು ಹೆಸರು ಹೊಳೆಯಿತು. ಯುರೇನಿಯಂ. ಕಾನ್ವೆಂಟಿನಲ್ಲಿ ಕಲಿತದ್ದಕ್ಕೋ ಏನೋ, ನನಗೆ ಭಯವೂ ಮೊದಲು ಇಂಗ್ಲಿಷಿನಲ್ಲೇ ಬರುತ್ತದೆ. ಆ ಮೇಲೆ ನಿನ್ನ ಮಡಿಲು ಕಣ್ಣಿಗೆ ಬಂತು. ಅದು ಯಾವ ಭಾಷೆಯಲ್ಲೂ ಬರಲಿಲ್ಲ.

ಮಕ್ಕಳಿಗೆ ಕೈ ತೊಳೆದು ಬನ್ನಿ ಎಂದೆ. ದೇವರದ್ದಲ್ವಾ ಟೀಚರ್, ಕೈ ಯಾಕೆ ತೊಳೀಬೇಕು ಎಂದು ಕೇಳಿದವು. ಸೋಪು ಹಾಕಿ ತೊಳೆಯಿರಿ ಎಂದು ಗದರಿದೆ. ಅದನ್ನು ಬಕೆಟ್ಟಿನಲ್ಲಿ ಇಟ್ಟು ಗುಡಿಗೆ ಹಿಂತಿರುಗಿಸಿ, ಫೋನಿನಲ್ಲಿ ಹುಡುಕುತ್ತಾ ಕೂತೆ. ಹುಡುಕಬಾರದಿತ್ತು. ದೊಡ್ಡ ಕೊಳವೆಗಳ ಬೆಸುಗೆಯನ್ನು ಪರೀಕ್ಷಿಸಲು ವಿಕಿರಣದ ಒಂದು ಚೂರನ್ನು ಬಳಸುತ್ತಾರಂತೆ. ಅದನ್ನು ಸುತ್ತಲೂ ಮುಚ್ಚಲು ಇಂಥ ಭಾರದ ಲೋಹವೇ ಬೇಕಂತೆ. ಅದು ಎಲ್ಲಾದರೂ ಕಳೆದುಹೋಗಿ ಜನರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದರ ಚಿತ್ರಗಳೂ ಇದ್ದವು. ಅವನ್ನು ಬರೆಯುವುದಿಲ್ಲ.

ಸಾಗರದಲ್ಲಿ ಡಿಗ್ರಿಗೆ ನನ್ನ ಜೊತೆಗಿದ್ದ ಪೂರ್ಣೇಶ್ ಈಗ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ವಿಕಿರಣದ ವಿಭಾಗ ನೋಡಿಕೊಳ್ಳುತ್ತಾನೆ. ಅವನಿಗೆ ಫೋನ್ ಮಾಡಿದೆ. ಯುರೇನಿಯಂ ಒಂದೇ ಆಗಿದ್ದರೆ ಸ್ವಲ್ಪ ಹೊತ್ತು ಹಿಡಿದುಕೊಂಡದ್ದಕ್ಕೆ ಹೆದರಬೇಕಿಲ್ಲ ಎಂದ. "ಒಳಗೆ ಬೇರೆ ಏನಾದ್ರೂ ಕೂತಿದ್ರೆ ಮಾತ್ರ..." ಎಂದು ಅಲ್ಲಿಗೇ ನಿಲ್ಲಿಸಿದ. ವಿಕಿರಣ ಅಳೆಯುವ ಮೀಟರ್ ತರಲು ಭಾನುವಾರವೇ ಆಗುವುದು, ಅಷ್ಟರಲ್ಲಿ ಇಲಾಖೆಗೂ ತಿಳಿಸುತ್ತೇನೆ, ಯಾರೂ ಅದರ ಹತ್ತಿರ ಹೋಗದ ಹಾಗೆ ನೋಡಿಕೋ ಎಂದ. ಬಸುರಿಯರು ಯಾರಾದರೂ ಮುಟ್ಟಿದ್ದಾರೆಯೇ ಎಂದೂ ಕೇಳಿದ. ತಂಗಿ, ಎಂದೆ. ಅಷ್ಟೇ ಹೇಳಲು ಆದದ್ದು.

ಸಂಜೆ ಭೂತಪ್ಪ ದೊಡ್ಡಪ್ಪನ ಹತ್ತಿರ ಹೋಗಿ, ಭಾನುವಾರದ ತನಕ ಗುಡಿಯ ಬಾಗಿಲು ಹಾಕಿ, ನೀವೂ ಒಳಗೆ ಹೋಗಬೇಡಿ ಎಂದು ಕೇಳಿಕೊಂಡೆ. ಲೋಹದಲ್ಲಿ ದೋಷ ಇರಬಹುದು, ಪರೀಕ್ಷೆ ಮಾಡಿಸಬೇಕು ಎಂದೆ. "ದೇವ್ರಿಗೂ ಕ್ವಾರಂಟೈನಾ?" ಎಂದು ನಕ್ಕರು. ನಾನು ನಗದೆ ಇದ್ದದ್ದು ಕಂಡು ಅವರೂ ನಗು ನಿಲ್ಲಿಸಿದರು.

"ಶುಕ್ರವಾರ ಇಬ್ರು ಬಸ್ರಿ ಹೆಂಗಸ್ರು ಬರೋರಿದಾರೆ. ದೋಷ ಗೀಷ ಅಂದ್ರೆ ಊರೆಲ್ಲ ಗಲಾಟೆ ಆಗ್ತದೆ. ಎಂತ ಹೇಳಿ ಕಳಿಸ್ಲಿ?"

"ಸೂತಕ ಅಂತ ಹೇಳಿ."

"ಯಾರ ಮನೇದು?"

"ನಮ್ಮದೇ."

ಹಾಗೆ ಹೇಳಬೇಕೆಂದು ಮನೆಯಿಂದ ಹೊರಡುವಾಗ ಯೋಚಿಸಿರಲಿಲ್ಲ. ನಮ್ಮ ಮನೆಯ ಸೂತಕ ದಾಯಾದಿಯಾದ ಅವರಿಗೂ ತಟ್ಟುತ್ತದೆ, ಆಗ ಅವರು ಪೂಜೆ ಮಾಡುವಂತಿಲ್ಲ, ಬಾಗಿಲು ತಾನಾಗಿಯೇ ಮುಚ್ಚುತ್ತದೆ. ಅವರು ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡು ನನ್ನ ಮುಖವನ್ನೇ ನೋಡಿದರು. ಯಾರು ಎಂದು ಕೇಳಲಿಲ್ಲ. ಎಷ್ಟು ದಿನದ್ದು ಎಂದಷ್ಟೇ ಕೇಳಿದರು. ಹತ್ತು ಎಂದೆ. ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

28, ಶುಕ್ರವಾರ

ಬಿಂದು, ನಿನ್ನೆ ನಿನಗೆ ಫೋನ್ ಮಾಡಿದೆನಲ್ಲ, ನಿನ್ನ ಧ್ವನಿ ಕೇಳಬೇಕಿತ್ತು. ಮಗು ಒದೀತಿದೆಯಾ ಎಂದೆ. "ಫುಟ್ಬಾಲ್ ಆಡ್ತಿದೆ ಅಕ್ಕಾ" ಎಂದು ನೀನು ನಗುತ್ತಿದ್ದೆ. ಹೇಳಿಬಿಡಬೇಕಿತ್ತೇ? ಹೇಳಿದರೆ ಭಾನುವಾರದ ತನಕ ನೀನು ಹೇಗೆ ಇರುತ್ತೀ? ಹೇಳದೆ ಇರಲು ನನಗೇನು ಹಕ್ಕಿದೆ? ನಿನ್ನ ಮಡಿಲು ಅದು, ನನ್ನದಲ್ಲ. ಇನ್ನು ಎರಡು ದಿನದಲ್ಲಿ ಗೊತ್ತಾಗುತ್ತದೆ, ಎರಡು ದಿನ ಮೊದಲೇ ಹೇಳಿ ಯಾವ ಪ್ರಯೋಜನ ಎಂದು ನನ್ನನ್ನು ನಾನು ಒಪ್ಪಿಸಿಕೊಂಡಿದ್ದೇನೆ. ಇದು ನಿನ್ನ ಮೇಲಿನ ಕನಿಕರವೋ ನನ್ನ ಹೇಡಿತನವೋ ನನಗೆ ಸ್ಪಷ್ಟವಿಲ್ಲ.

ನಿನ್ನ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡುತ್ತೇನೆ. ಹಸಿರು ಸೀರೆ, ಅಕ್ಕಿ, ಬಳೆ, ನಡುವೆ ಆ ಕಪ್ಪು ಗುಂಡು. ನಿನ್ನ ಹೊಟ್ಟೆಗೂ ಅದಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಅಳೆಯಲು ನೋಡುತ್ತೇನೆ. ಅಂತರವೇ ಇಲ್ಲ. ನನ್ನ ಅಂಗೈಗಳನ್ನು ಬೆಳಕಿಗೆ ಹಿಡಿದು ಕೆಂಪಾಗಿದೆಯೇ ಎಂದು ನೋಡುತ್ತೇನೆ. ಪಾತ್ರೆ ತಿಕ್ಕಿದ ಕೈ, ಕೆಂಪಾಗಿಯೇ ಇರುತ್ತದೆ.

ನಿನ್ನೆ ಸ್ಪಂದನಾ ಶಾಲೆಗೆ ಬರಲಿಲ್ಲ. ಅವಳಿಗೆ ವಾಂತಿ ಟೀಚರ್ ಎಂದರು ಪಕ್ಕದ ಬೆಂಚಿನವರು. ನಾನು ಚಾಕ್‌ಪೀಸು ಕೆಳಗಿಟ್ಟು ಕುರ್ಚಿಯಲ್ಲಿ ಕೂತೆ. ಇಂಥದ್ದರ ಮೊದಲ ಲಕ್ಷಣ ವಾಂತಿ ಎಂದು ಓದಿದ್ದೆನಲ್ಲ. ಉಳಿದ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದೆ. ಕೆಮ್ಮಿದವನನ್ನು ಕರೆದು ಹಣೆ ಮುಟ್ಟಿದೆ. ಶಾಲೆ ಬಿಟ್ಟ ಕೂಡಲೇ ಅವಳ ಮನೆಗೆ ಸ್ಕೂಟಿಯಲ್ಲಿ ಹೋದೆ. ಹುಡುಗಿ ಜಗಲಿಯಲ್ಲಿ ಕಾಲು ನೀಡಿ ಕೂತು ಮಜ್ಜಿಗೆ ಕುಡಿಯುತ್ತಿದ್ದಳು. ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಹೊಸನಗರದಲ್ಲಿ ಸೋದರತ್ತೆಯ ಮನೆಯ ಊಟಕ್ಕೆ ಹೋಗಿದ್ದರಂತೆ. "ಆ ಪರಿ ಹೋಳಿಗೆ ತಿಂದ್ರೆ ವಾಂತಿ ಆಗ್ದೆ ಇರ್ತದಾ? ನೀವೊಂದು, ಅದಕ್ಕೋಸ್ಕರ ಇಲ್ಲಿ ತನಕ ಬಂದ್ರಾ?" ಎಂದರು ಅವಳ ತಾಯಿ. ನನಗೂ ಒಂದು ಲೋಟ ಮಜ್ಜಿಗೆ ಕೊಟ್ಟರು.

ಸೂತಕದ ಸುದ್ದಿ ಹಬ್ಬಿದೆ. ಪಕ್ಕದ ಮನೆಯ ಹಾಲಮ್ಮ ಬೇಲಿಯ ಹತ್ತಿರ ಬಂದು ಯಾರು ಹೋದದ್ದು ಎಂದು ವಿಚಾರಿಸಿದರು. ದಿನೇಶ್ ಎಲ್ಲಿಂದಲೋ ಮುಂಬೈಯ ಒಬ್ಬ ದಾಯಾದಿಯನ್ನು ಹುಟ್ಟಿಸಿ, ಅಲ್ಲೇ ಸಾಯಿಸಿದರು. "ಮುಂಬೈಯಲ್ಲಿ ನಿಮ್ಗೆ ದಾಯಾದಿ ಯಾವಾಗಿಂದ? ಇದ್ದಾಗ ಒಂದಿನ ಹೇಳ್ಲಿಲ್ಲ" ಎಂದು ಹಾಲಮ್ಮ ಹೋದರು. ಬೇರೆ ದಿನವಾದರೆ ನಾವಿಬ್ಬರೂ ಒಳಗೆ ಹೋಗಿ ಬಾಯಿಗೆ ಬಟ್ಟೆ ಹಿಡಿದು ನಗುತ್ತಿದ್ದೆವು. ದಿನೇಶ್ ಸುಮ್ಮನೆ ಬೈಕು ಒರೆಸಲು ಹೋದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

30, ಭಾನುವಾರ

ಏನೂ ಇಲ್ಲ ಬಿಂದು. ಏನೂ ಇಲ್ಲ.

ಪೂರ್ಣೇಶ್ ಬೆಳಿಗ್ಗೆ ಹೊಸ ಸೇತುವೆ ದಾಟಿ ಬಂದ. ಹಳದಿ ಬಣ್ಣದ ಒಂದು ಡಬ್ಬಿ, ಅದಕ್ಕೆ ಒಂದು ಹಿಡಿಕೆ. ಮೊದಲು ನಮ್ಮ ಮನೆಯ ಜಗಲಿಯಲ್ಲೇ ಅದನ್ನು ಚಾಲೂ ಮಾಡಿದ. ಟಿಕ್ ಟಿಕ್ ಎಂದಿತು. ನನ್ನ ಮುಖ ನೋಡಿ, ಎಲ್ಲ ಕಡೆಯೂ ಇಷ್ಟು ಇದ್ದೇ ಇರುತ್ತದೆ, ಹೆದರಬೇಡ ಎಂದ. ಗುಡಿಯ ತನಕ ನಾನು, ದಿನೇಶ್, ಭೂತಪ್ಪ ದೊಡ್ಡಪ್ಪ ಅವನ ಹಿಂದೆ ನಡೆದೆವು. ಹಾಲಮ್ಮನೂ ಇನ್ನು ನಾಲ್ಕು ಜನರೂ ಸೇರಿಕೊಂಡರು. ನಮ್ಮನ್ನೆಲ್ಲ ದೂರ ನಿಲ್ಲಿಸಿ, ಬೀಗ ತೆಗೆಸಿ, ಅವನೊಬ್ಬನೇ ಒಳಗೆ ಹೋದ. ನಾನು ಗುಡಿಯ ಹೊರಗಿನ ಗೋಡೆ ಹಿಡಿದು ನಿಂತಿದ್ದೆ. ಆ ಸದ್ದು ಜೋರಾಗುತ್ತದೆ, ಈಗ ಜೋರಾಗುತ್ತದೆ ಎಂದು ಕಾದೆ. ನಿನ್ನ ಹೆಸರು ಹೇಳುತ್ತಿದ್ದೆನೋ ಏನೋ, ದಿನೇಶ್ ನನ್ನ ಹೆಗಲ ಮೇಲೆ ಕೈ ಇಟ್ಟರು.

ಸದ್ದು ಜೋರಾಗಲಿಲ್ಲ. ಬಾಗಿಲಲ್ಲಿ ಹೇಗಿತ್ತೋ ಚೌಡಿಯ ಪಕ್ಕದಲ್ಲೂ ಹಾಗೇ ಇತ್ತು. ಪೂರ್ಣೇಶ್ ಹೊರಗೆ ಬಂದಾಗ ಆ ಗುಂಡು ಅವನ ಕೈಯಲ್ಲೇ ಇತ್ತು. "ನಿಮ್ಮ ಜಗಲಿಯ ಗ್ರಾನೈಟ್ ಇದಕ್ಕಿಂತ ಜಾಸ್ತಿ ಕೂಗುತ್ತೆ ಸುಮನಾ" ಎಂದ. ಬಹುಶಃ ಟಂಗ್‌ಸ್ಟನ್ ಇರಬೇಕು, ಯಾವುದೋ ಯಂತ್ರದ ಸಮತೂಕಕ್ಕೆ ಇಟ್ಟದ್ದು, ಹೊಳೆಗೆ ಹೇಗೆ ಬಂತೋ ಹೇಳಲಾಗದು, ಮಗುವಿಗಿರಲಿ ಇರುವೆಗೂ ಇದರಿಂದ ತೊಂದರೆಯಿಲ್ಲ ಎಂದ. ಟಂಗ್‌ಸ್ಟನ್. ಹಳೆಯ ಬಲ್ಬಿನ ತಂತಿ. ಅಷ್ಟು ಭಾರದ್ದು ಇನ್ನೂ ಒಂದಿದೆ ಎಂದು ನನಗೆ ಯಾಕೆ ಹೊಳೆಯಲಿಲ್ಲ? ಹೊಳೆದಿದ್ದರೂ ಕೆಟ್ಟದ್ದನ್ನೇ ಆರಿಸಿಕೊಳ್ಳುತ್ತಿದ್ದೆ ಎನಿಸುತ್ತದೆ.

ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ತಂಗಿ ಮೇಲೆ ಎಷ್ಟು ಪ್ರಾಣ ನೋಡಿ ಎಂದು ಹಾಲಮ್ಮ ಯಾರಿಗೋ ಹೇಳುತ್ತಿದ್ದರು.

ಎಲ್ಲರಿಗೂ ಹಗುರವಾಯಿತು. ಇನ್ನೇನು ದೊಡ್ಡಪ್ಪ, ಬಾಗಿಲು ತೆರೆದುಬಿಡಿ, ಹೆಂಗಸರು ಬಂದು ಹೋಗಲಿ ಎಂದ ಪೂರ್ಣೇಶ್. ಭೂತಪ್ಪ ದೊಡ್ಡಪ್ಪ ಗುಂಡನ್ನು ಅವನ ಕೈಯಿಂದ ತೆಗೆದುಕೊಂಡು ಒಳಗಿಟ್ಟು ಬಂದು ಮತ್ತೆ ಬೀಗ ಹಾಕಿದರು. ಸೂತಕ ಇನ್ನೂ ಕಳೆದಿಲ್ಲ ಎಂದರು. ಆ ಸೂತಕ ಸುಮ್ಮನೆ ನೆಪಕ್ಕೆ ಹೇಳಿದ್ದಲ್ಲವಾ, ಮೀಟರೇ ಹೇಳಿತಲ್ಲ ಏನೂ ಇಲ್ಲಾಂತ ಎಂದು, ನನ್ನಿಂದ ಕೇಳಿ ತಿಳಿದಿದ್ದ ಪೂರ್ಣೇಶ್ ನಕ್ಕ.

"ಮೀಟರಿಗೆ ಸಿಗ್ಲಿಲ್ಲ ಅಂತ ಸೂತಕ ಹೋಗ್ತದಾ ಮಾರಾಯ?" ಎಂದರು ದೊಡ್ಡಪ್ಪ. ನನ್ನ ಕಡೆ ನೋಡಲಿಲ್ಲ.

ಈ ಕಾಗದ ನಿನಗೆ ತಲುಪುವ ಮೊದಲೇ ಫೋನ್ ಮಾಡಿ ಎಲ್ಲ ಹೇಳಿರುತ್ತೇನೆ. ಹಾಗಾಗಿ ಮೊದಲ ಪುಟ ಓದುವಾಗ ಹೆದರಬೇಡ. ನಿನಗೆ ಹೇಳದೆ ಐದು ದಿನ ಇಟ್ಟುಕೊಂಡದ್ದಕ್ಕೆ ಬೈಯುವುದಿದ್ದರೆ ಬೈದುಬಿಡು. ನಾಳೆ ಒಂಬತ್ತನೇ ತರಗತಿಗೆ ಟಂಗ್‌ಸ್ಟನ್ ಬಗ್ಗೆ ಹೇಳಬೇಕು. ಜಲಜಮ್ಮ ಚಿಕ್ಕಮ್ಮ ಹೆರಿಗೆಗೆ ಹದಿನೈದು ದಿನ ಮೊದಲೇ ತೀರ್ಥಹಳ್ಳಿಗೆ ಬರುತ್ತಾರಂತೆ, ನಿನ್ನ ಅಡುಗೆಮನೆಯ ಆಸೆ ಈಗಲೇ ಬಿಡು. ಉಪ್ಪು ಕಡಿಮೆ ಮಾಡು, ಕಾಲು ಎತ್ತರದಲ್ಲಿ ಇಟ್ಟು ಮಲಗು. ನಿಶಾಂತ್ ಹೇಳಿದ ಹಾಗೆ ಮೆಟ್ಟಿಲ ಸಹವಾಸ ಬೇಡ. ನಿನಗೂ ಒಳಗಿರುವ ಫುಟ್ಬಾಲ್ ಆಟಗಾರನಿಗೋ ಆಟಗಾರ್ತಿಗೋ, ಯಾರಿದ್ದಾರೋ ಅವರಿಗೂ, ನೂರು ವರ್ಷ ಚೆನ್ನಾಗಿರಿ ಎಂದು ಹರಸುತ್ತೇನೆ.

ನಿನ್ನ ಅಕ್ಕ,
ಸುಮನಾ

ವಿ.ಸೂ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಹೋದ ವಾರ ನನಗಿದ್ದದ್ದು ಜ್ವರವಲ್ಲ. ನಿನ್ನ ಬಯಕೆಯ ದಿನ ಬೆಳಿಗ್ಗೆ ನನಗೆ ಗೊತ್ತಾಗಿತ್ತು, ನಾನೂ ಬಸುರಿ ಎಂದು. ಈ ವಯಸ್ಸಿನಲ್ಲಿ, ಎಲ್ಲರೂ ಕೇಳುವುದನ್ನೂ ಬಿಟ್ಟ ಮೇಲೆ. ಅದು ನಿನ್ನ ದಿನ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಕಾರಿನಲ್ಲಿ ಆ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಬರುವಾಗ ಒಬ್ಬಳೇ ನಗುತ್ತಿದ್ದೆ, ದಿನೇಶ್ ರಸ್ತೆ ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮುಂದಿನ ವಾರ ಬಸಿರು ಇಳಿದುಹೋಯಿತು. ಒಂದು ಹೆಸರುಕಾಳಿನಷ್ಟು ಇದ್ದಿರಬಹುದು ಎಂದರು ಸಾಗರದ ಡಾಕ್ಟರಮ್ಮ. ಕಾರಣ ಹುಡುಕುತ್ತಾ ಕೂರಬೇಡಿ ಎಂದರು.

ನಿನಗಾಗಿ ಹೆದರಿದ್ದು ನಿಜ, ಬಿಂದು. ಆದರೆ ಆ ಐದು ದಿನ ನನ್ನದು ಹೋದದ್ದಕ್ಕೆ ಒಂದು ಕಾರಣವೂ ಇತ್ತು. ಮೀಟರ್ ಸುಮ್ಮನಿದ್ದಾಗ ಅದೂ ಹೋಯಿತು. ಗೋಡೆಗೆ ಒರಗಿ ಅತ್ತದ್ದು ಅರ್ಧ ನಿನ್ನ ಸಂತೋಷಕ್ಕೆ. ಇನ್ನರ್ಧವನ್ನು ಹೇಳದೆ ನಿನ್ನನ್ನು ಹರಸಲಾರೆ.

ಇಂಥದಕ್ಕೆ ಸೂತಕ ಉಂಟೋ ಇಲ್ಲವೋ, ಎಷ್ಟು ದಿನವೋ ನನಗೆ ತಿಳಿಯದು. ಕೇಳಲು ಯಾರಿಗೂ ಹೇಳಿಲ್ಲ. ಭೂತಪ್ಪ ದೊಡ್ಡಪ್ಪ ಬೀಗ ತೆಗೆಯುವ ತನಕ ಉಂಟು ಎಂದುಕೊಂಡಿದ್ದೇನೆ.